ಕಡಲು ದಾಟುವ ಸಂಸಾರದ ಶಬ್ದಗಳು

ನಮ್ಮ ದರಿಬಡಚಿಗೂ ಕಡಲಿಗೂ ಬಹು ದೂರ. ಮಳೆಯ ಮೋಡಗಳು ಸಹ್ಯಾದ್ರಿಯಲ್ಲಿಯೇ ತಮ್ಮ ಹೊರೆಯನ್ನಿಳಿಸಿ ಬರಿಗೈಯಿಂದ ನಮ್ಮೆಡೆಗೆ ಬರುವವು. ಜತ್ತ ತಾಲೂಕಿನ ನೆಲಕ್ಕೆ ಬರವು ನೆಂಟನಲ್ಲ, ಮನೆಯವನೇ ಆಗಿದೆ. ಇಂಥ ಊರಿನಲ್ಲಿ ಹಡಗಿನ ಕಾಗದವನ್ನು ಓದಿ ಅರ್ಥ ಹೇಳುವ ಪ್ರಸಂಗವು ಪ್ರಾಥಮಿಕ ಶಾಲೆಯ ಶಿಕ್ಷಕರಾದ ನಮಗೆ ಬಂದೀತೆಂದು ನಾವು ಎಣಿಸಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಪರಿಚಯದ ಮನೆಯೊಂದರ ಹಿರಿಯ ತಾಯಿ ಸಂಜೆಯ ಹೊತ್ತಿಗೆ ನಮ್ಮಲ್ಲಿಗೆ ಬಂದರು. ಅವರ ಮಗನು ಮಸ್ಕತಿನಲ್ಲಿ ಅನೇಕ ವರ್ಷ ದುಡಿದು ಹೆಂಡತಿ ಮಕ್ಕಳೊಡನೆ ಊರಿಗೆ ಮರಳಿದ್ದನು. ಮನೆಸಾಮಾನನ್ನು ಅಲ್ಲಿಯ ಸಾಗಾಣಿಕೆಯ ಸಂಸ್ಥೆಯೊಂದಕ್ಕೆ ಒಪ್ಪಿಸಿ, ಕೇಳಿದಷ್ಟು ಹಣವನ್ನು ತೆತ್ತು ಬಂದಿದ್ದನು. ಸಾಮಾನು ಮುಂಬಯಿಯ ಆಚೆಯ ನ್ಹಾವಾ ಶೇವಾ ಬಂದರಕ್ಕೆ ಬಂದು ಮೂರು ವಾರ ಕಳೆದಿದ್ದರೂ ಊರು ಮುಟ್ಟಿರಲಿಲ್ಲ; ಮುಟ್ಟಬೇಕಾದರೆ ಮತ್ತೆ ಹಣ ಬೇಕೆಂದು ಪತ್ರ ಬಂದಿತ್ತು. “ಬಾಡಿಗಿ ಪೂರಾ ಕೊಟ್ಟೇವ್ರಿ ಮಾಸ್ತರ, ಮತ್ತ ಇದು ಯಾತರ ರೊಕ್ಕ?” ಎಂದು ಕೇಳಿ ಅವರು ಪತ್ರವನ್ನು ಮುಂದಿಟ್ಟರು. ನಾವು ಅದರ ಅಕ್ಷರಗಳನ್ನೆಲ್ಲ ಓದಿದೆವು. ಬಿಲ್ ಆಫ್ ಲೇಡಿಂಗ್, ಕನ್‌ಸೈನೀ, ಎಲ್.ಸಿ.ಎಲ್., ಡೋರ್ ಟು ಪೋರ್ಟ್, ಸ್ಟೋರೇಜ್ ಎಂಬ ಮಾತುಗಳಿದ್ದವು. ಅಕ್ಷರ ಬಂದಿತು, ಅರ್ಥ ಬರಲಿಲ್ಲ. ಆ ದಿನ ನಮಗಾದ ನಾಚಿಕೆಯೇ ಈ ಲೇಖನಕ್ಕೆ ಮೂಲ.

ಬಳಿಕ ಈ ಶಬ್ದಗಳ ಹುಟ್ಟನ್ನು ಹುಡುಕುತ್ತ ಹೋದಂತೆ ನಮಗೆ ಕಂಡುಬಂದ ಸಂಗತಿ ಇಷ್ಟು: ಇವು ಪಾಂಡಿತ್ಯದ ಮಾತುಗಳಲ್ಲ. ಸಾಮಾನು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುವಾಗ, ನಷ್ಟದ ಭಾರವು ಯಾವ ಮೆಟ್ಟಿಲಿನ ಮೇಲೆ ಕೈ ಬದಲಿಸುವದೆಂಬುದನ್ನು ಹೇಳುವ ಗಡಿಕಲ್ಲುಗಳು. ಗಡಿಕಲ್ಲಿನ ಬೆಲೆ ನಮ್ಮ ಭಾಗದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಮೊದಲು ನಮ್ಮ ಶಬ್ದಗಳನ್ನೇ ನೋಡೋಣ. ಎತ್ತಿನ ಬೆನ್ನಿಗೇರಿಸಿದ ಭಾರಕ್ಕೆ ಇಂದಿಗೂ ‘ಹೇರು’ ಎನ್ನುವೆವು. ಹಳಗನ್ನಡದಲ್ಲಿ ಅದು ‘ಪೇಱು’. ಹೇರುವ ಕ್ರಿಯೆಗೂ ಹೇರಿದ ವಸ್ತುವಿಗೂ ಅದೊಂದೇ ಶಬ್ದ. ದಾರಿಯಲ್ಲಿ ತೆರಬೇಕಾದುದು ‘ಸುಂಕ’. ಸಂಸ್ಕೃತದ ಶುಲ್ಕವು ಕನ್ನಡದ ಬಾಯಲ್ಲಿ ಸವೆದು ಆದ ರೂಪ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳನ್ನು ತೆರೆದರೆ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ತೆರಿಗೆಗಳ ಹೆಸರು ಸಾಲುಗಟ್ಟಿ ನಿಂತಿವೆ. ಪೆರ್ಜುಂಕವೆಂದರೆ ಹಿರಿದಾದ ಸುಂಕ. ಸುಂಕದಲ್ಲಿ ಹಿರಿದು ಕಿರಿದೆಂಬ ಭೇದವಿದ್ದ ನಾಡಿನಲ್ಲಿ ಸರಕಿನ ಓಡಾಟವೂ ದೊಡ್ಡದೇ ಆಗಿದ್ದಿರಬೇಕು.

ಆ ಓಡಾಟಕ್ಕೆ ಒಡೆಯರಾಗಿದ್ದವರು ಅಯ್ಯಾವೊಳೆಯ ಐನೂರ್ವರು. ಬಾಗಲಕೋಟೆ ಜಿಲ್ಲೆಯ ಇಂದಿನ ಐಹೊಳೆಯೇ ಅಂದಿನ ಅಯ್ಯಾವೊಳೆ. ಕತ್ತೆ ಕೋಣಗಳ ಮೇಲೆ ಹೇರು ಹಾಕಿ, ನೆಲದ ದಾರಿ ಜಲದ ದಾರಿಗಳೆರಡನ್ನೂ ತುಳಿದ ತಮ್ಮ ಹಿರಿಮೆಯನ್ನು ಅವರು ಕಲ್ಲಿನಲ್ಲಿ ಕೊರೆಯಿಸಿದ್ದಾರೆ. ಕನ್ನಡ ನಾಡಿನಲ್ಲಿ ಹೆಸರು ಪಡೆದ ಈ ಸಂಘವು ತಮಿಳು ತೆಲುಗು ನಾಡುಗಳಿಗೆ ಹಬ್ಬಿ, ಕಡಲಾಚೆಗೂ ಹೋಯಿತು. ಸುಮಾತ್ರಾ ದ್ವೀಪದ ಬಾರೂಸಿನ ಬಳಿಯ ಲೋಬು ತುವಾ ಎಂಬಲ್ಲಿ 1088ನೆಯ ಇಸವಿಯ ತಮಿಳು ಶಾಸನವೊಂದು ಸಿಕ್ಕಿದೆ. ಅದರಲ್ಲಿ ಐನೂರ್ವರ ಹೆಸರಿದೆ, ಬಂದ ಹಡಗಿನವರು ಬಂಗಾರದಲ್ಲಿ ತೆರಬೇಕಾದ ಕಾಣಿಕೆಯ ಮಾತೂ ಇದೆ. ಬಂದರದಲ್ಲಿ ಕಾಲಿಡುವ ಮೊದಲೇ ಹಣ ಕೇಳುವ ಪದ್ಧತಿ ನಿನ್ನೆ ಮೊನ್ನೆಯದಲ್ಲವೆಂದು ಆ ತಾಯಿಗೆ ಹೇಳಿದ್ದರೆ ಸಮಾಧಾನವಾಗುತ್ತಿದ್ದಿಲ್ಲವೆನ್ನಿ.

ಐನೂರ್ವರು ಸಾಗಿಸಿದ್ದು ಮಾರುವ ಸರಕು. ಮಾರಲಿಕ್ಕಲ್ಲದೆ ಬಾಳಲಿಕ್ಕಾಗಿ ಸಾಮಾನನ್ನು ಹಡಗಿಗೇರಿಸಿದ ಒಂದು ಸಂಸಾರದ ದಾಖಲೆಯೂ ಕನ್ನಡ ಕರಾವಳಿಯ ಮಟ್ಟಿಗೆ ಉಳಿದು ಬಂದಿದೆ. ಟ್ಯುನೀಸಿಯದ ಯೆಹೂದಿ ವ್ಯಾಪಾರಿ ಅಬ್ರಾಹಂ ಬೆನ್ ಯಿಜು ಎಂಬವನು ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ಬಿಡಾರ ಹೂಡಿದ್ದನು. 1132ರಲ್ಲಿ ಅವನು ಮಂಗಳೂರಿನಲ್ಲಿದ್ದುದಕ್ಕೆ ಪತ್ರಾಧಾರವಿದೆ. ಆಶು ಎಂಬ ದಾಸಿಯನ್ನು ಅವನು ಬಿಡುಗಡೆ ಮಾಡಿದ ಪತ್ರವದು. ಅವಳೇ ಅವನ ಮಕ್ಕಳ ತಾಯಿಯಾದಳೆಂದು ವಿದ್ವಾಂಸರು ತಿಳಿಯುತ್ತಾರೆ. ಹಿತ್ತಾಳೆ ಕಂಚಿನ ಪಾತ್ರೆಗಳ ಕಾರಖಾನೆ ನಡೆಸಿ, ಮೆಣಸು, ಅಡಿಕೆ, ಕಬ್ಬಿಣಗಳನ್ನು ಏಡನ್ ಬಂದರಕ್ಕೆ ಕಳುಹಿಸುತ್ತ ಅವನು ಬಾಳಿದನು. ಬೊಮ್ಮ ಎಂಬ ಅವನ ಆಳು ಸರಕಿನೊಡನೆ ಏಡನ್ನಿಗೆ ಹೋಗಿ ಬರುತ್ತಿದ್ದನು. ಹೆಸರೇ ಹೇಳುವಂತೆ ಅವನು ಈ ನೆಲದವನು.

ಏಡನ್ನಿನ ಗೆಳೆಯರು ಬೆನ್ ಯಿಜುವಿಗೆ ಬರೆವ ಕಾಗದ, ಸಕ್ಕರೆ, ಒಣದ್ರಾಕ್ಷಿಗಳನ್ನು ಕಾಣಿಕೆಯಾಗಿ ಕಳುಹಿಸುತ್ತಿದ್ದರು. ಒಣದ್ರಾಕ್ಷಿಯು ಕಡಲು ದಾಟಿ ಬರುವ ಅಪರೂಪದ ವಸ್ತುವಾಗಿತ್ತೆಂಬುದನ್ನು, ಅದನ್ನೇ ಚೀಲಗಟ್ಟಲೆ ಮಾರುವ ಸಾಂಗಲಿ ಜಿಲ್ಲೆಯವರಾದ ನಾವು ಓದಿ ನಕ್ಕೆವು. ಸರಕಿನ ಮೂಟೆಗಳ ಮೇಲೆ ಪಡೆಯುವವನ ಹೆಸರನ್ನು ಬರೆಯುವದು, ಯಾವ ಮೂಟೆ ಯಾವ ಹಡಗಿನಲ್ಲಿ ಯಾವ ನಾಖುದನ ವಶದಲ್ಲಿ ಬರುತ್ತಿದೆಯೆಂದು ಬೇರೆ ಪತ್ರದಲ್ಲಿ ತಿಳಿಸುವದು, ಇವು ಆ ವರ್ತಕರ ರೂಢಿಗಳು. ನಾಖುದ ಎಂಬ ಶಬ್ದ ಪಾರಸಿಯದು. ಹಡಗಿನ ಒಡೆಯನೆಂದು ಅರ್ಥ. ನಮ್ಮ ಕರಾವಳಿಯಲ್ಲಿ ಅದು ಮನೆತನದ ಹೆಸರಾಗಿಯೂ ನಿಂತಿದೆ.

ಈ ಬೆನ್ ಯಿಜು ತನ್ನ ಕೈಯಿಂದಲೇ ಬರೆದ ಪ್ರಯಾಣದ ಸಾಮಾನಿನ ಯಾದಿಯೊಂದು ಕೈರೋ ನಗರದ ಹಳೆಯ ಯೆಹೂದಿ ಪ್ರಾರ್ಥನಾಮಂದಿರದ ಕಾಗದಪತ್ರಗಳ ರಾಶಿಯಲ್ಲಿ, ಗೆನಿಜಾ ಎಂದು ಹೆಸರಾದ ಸಂಗ್ರಹದಲ್ಲಿ, ಉಳಿದಿದೆ. ಎಲಿಜಬೆತ್ ಲಾಂಬೋರ್ನ್ ಎಂಬ ವಿದುಷಿಯು ಅದೊಂದೇ ಯಾದಿಯನ್ನು ಆಧಾರವಾಗಿಟ್ಟುಕೊಂಡು ಬರೆದ ದೊಡ್ಡ ಗ್ರಂಥವು 2018ರಲ್ಲಿ ಪ್ರಕಟವಾಯಿತು. ಆ ಯಾದಿಯಲ್ಲಿ ಮುತ್ತುರತ್ನಗಳಿಲ್ಲ. ಉಣ್ಣುವ ತಿನ್ನುವ ಪದಾರ್ಥಗಳು, ಅಡಿಗೆಮನೆಯ ಪಾತ್ರೆಪಡಗಗಳು, ಪೆಟ್ಟಿಗೆಗಳು, ಒಂದು ಮನೆ ನಡೆಯಲು ಬೇಕಾದ ಸಣ್ಣಪುಟ್ಟ ವಸ್ತುಗಳು. ಇಂದಿನ ಸಾಗಾಣಿಕೆಯವರು ‘ಪ್ಯಾಕಿಂಗ್ ಲಿಸ್ಟ್’ ಎಂದು ಕೇಳುವದು ಇದನ್ನೇ. ಬೆನ್ ಯಿಜು 1149ರಲ್ಲಿ ಮಕ್ಕಳೊಡನೆ ಏಡನ್ನಿಗೆ ಸುರಕ್ಷಿತವಾಗಿ ಮರಳಿ, ಆ ಸುದ್ದಿಯನ್ನು ತನ್ನ ಒಡಹುಟ್ಟಿದವರಿಗೆ ಬರೆದನು. ಅರಸರ ಯುದ್ಧಗಳಿಗಿಂತ ಇಂಥ ಯಾದಿಯೊಂದನ್ನು ಮಕ್ಕಳಿಗೆ ಪಾಠವಾಗಿ ಇಡಬೇಕೆಂದು ನಮ್ಮ ಅಭಿಪ್ರಾಯ. ಆದರೆ ಪಠ್ಯಪುಸ್ತಕ ಮಾಡುವವರು ನಮ್ಮನ್ನು ಕೇಳುವದಿಲ್ಲ.

ಮುಂದೆ ಪೋರ್ತುಗೀಜರು ಬಂದರು. ಅವರು 1510ರಲ್ಲಿ ಗೋವೆಯನ್ನು ವಿಜಾಪುರದ ಆದಿಲಶಾಹಿಯಿಂದ ಕಸಿದುಕೊಂಡ ಬಳಿಕ, ಕೊಂಕಣದ ದಾಭೋಳವು ವಿಜಾಪುರದ ಮುಖ್ಯ ಬಂದರಗಳಲ್ಲಿ ಒಂದಾಗಿ ಉಳಿಯಿತು. ಕಡಲಿನಲ್ಲಿ ಓಡಾಡುವ ಪ್ರತಿ ಹಡಗೂ ತಮ್ಮಿಂದ ‘ಕಾರ್ತಾಜ್’ ಎಂಬ ಪರವಾನಗಿಯನ್ನು ಪಡೆಯಬೇಕೆಂದು ಪೋರ್ತುಗೀಜರು ಕಟ್ಟು ಮಾಡಿದರು. ಹಡಗು ಯಾವುದು, ನಾಖುದ ಯಾರು, ಎಲ್ಲಿಗೆ ಹೋಗುವದು, ಆಯುಧಗಳೆಷ್ಟು ಎಂಬುದೆಲ್ಲ ಅದರಲ್ಲಿರಬೇಕು. ಇಲ್ಲದಿದ್ದರೆ ಹಡಗು ಸರಕು ಎರಡೂ ಜಪ್ತು. ಕಾಗದಕ್ಕೆ ಅರಬ್ಬಿಯಲ್ಲಿ ‘ಕಿರ್ತಾಸ್’ ಎನ್ನುವರು. ಆ ಶಬ್ದವೇ ಪೋರ್ತುಗೀಜರ ಬಾಯಲ್ಲಿ ಕಾರ್ತಾಜ್ ಆಯಿತೆಂದು ಹೇಳುತ್ತಾರೆ. ವಿಜಾಪುರದ ಸುಲ್ತಾನನ ಹಡಗೂ ಈ ಕಾಗದದಿಂದ ಹೊರತಾಗಿರಲಿಲ್ಲ. ಆನೆ ಕುದುರೆಗಳ ಒಡೆಯನಾದವನಿಗೇ ಹೀಗಾದ ಮೇಲೆ, ನಮ್ಮೂರಿನ ಮನೆಯವರು ಒಂದು ಕಾಗದದ ಮುಂದೆ ತಬ್ಬಿಬ್ಬಾದುದರಲ್ಲಿ ಅಚ್ಚರಿಯೇನು?

ಇನ್ನು ನೆಲದ ಮೇಲಿನ ಎರಡು ಶಬ್ದಗಳನ್ನು ವಾಚಕರು ಗಮನಿಸಬೇಕು. ಮರಾಠಿಯ ನೆರೆಯಲ್ಲಿರುವ ನಮಗೆ ಇವು ಪರಕೀಯವಲ್ಲ. ಒಂದು, ‘ಹುಂಡೇಕರಿ’. ರೇಲ್ವೆ ಬರುವದಕ್ಕೆ ಮುಂಚೆ ದಖ್ಖನದ ದಾರಿಗಳಲ್ಲಿ ಹೆಜ್ಜೆಗೊಂದು ಜಕಾತಿಯ ನಾಕೆ ಇರುತ್ತಿತ್ತು. ಪ್ರತಿ ನಾಕೆಯಲ್ಲಿ ನಿಂತು ಕಾರಕೂನನೊಡನೆ ವಾದಿಸುವ ತಾಪತ್ರಯವನ್ನು ತಪ್ಪಿಸಲು, ಬಾಡಿಗೆ ಜಕಾತಿಗಳನ್ನೆಲ್ಲ ಒಂದೇ ಮೊತ್ತಕ್ಕೆ ಗುತ್ತಿಗೆ ಹಿಡಿದು ಸರಕನ್ನು ಹೇಳಿದ ಸ್ಥಳಕ್ಕೆ ಮುಟ್ಟಿಸುವವನೇ ಹುಂಡೇಕರಿ. ಬಿಡಿಬಿಡಿಯಾಗಿ ಎಣಿಸದೆ ಒಟ್ಟಿಗೆ ಗೊತ್ತುಮಾಡಿದ್ದು ‘ಹುಂಡಾ’. ಇನ್ನೊಂದು, ‘ಜೋಖಮಿ ಹುಂಡಿ’. ಸರಕನ್ನು ಹಡಗಿಗೇರಿಸಿ ಅದರ ಆಧಾರದ ಮೇಲೆ ಬರೆದ ಈ ಹುಂಡಿಯ ಹಣವು ಸರಕು ಕ್ಷೇಮವಾಗಿ ಮುಟ್ಟಿದರೆ ಮಾತ್ರ ಸಲ್ಲಬೇಕು. ಹಡಗು ಮುಳುಗಿದರೆ ಹುಂಡಿಯೂ ಮುಳುಗಿತು. ಸಾಲ ಮತ್ತು ವಿಮೆ ಎರಡನ್ನೂ ಒಂದೇ ಚೀಟಿಯಲ್ಲಿ ಕಟ್ಟಿದ ಪಶ್ಚಿಮ ಭಾರತದ ವರ್ತಕರ ಜಾಣ್ಮೆ ಇದು.

ಈಗ ಆ ತಾಯಿ ತಂದ ಕಾಗದಕ್ಕೆ ಬರೋಣ. ಅದರಲ್ಲಿದ್ದ ‘ಡೋರ್ ಟು ಪೋರ್ಟ್’ ಎಂಬ ಮೂರು ಮಾತುಗಳಲ್ಲಿಯೇ ಅರ್ಧ ಕಥೆಯಿತ್ತು. ಮಸ್ಕತಿನ ಮನೆಯ ಬಾಗಿಲಿನಿಂದ ಇಲ್ಲಿಯ ಬಂದರದ ತನಕ ಮಾತ್ರ ಬಾಡಿಗೆ. ಬಂದರದ ಖರ್ಚು, ಕಸ್ಟಮ್ಸಿನ ಕೆಲಸ, ಜತ್ತದ ತನಕ ಲಾರಿಯ ಬಾಡಿಗೆ, ಎಲ್ಲವೂ ಮನೆಯವರ ಪಾಲು. ಮಗನು ತಾನು ಹುಂಡೇಕರಿಯನ್ನು ಹಿಡಿದೆನೆಂದು ತಿಳಿದಿದ್ದನು, ಹಿಡಿದದ್ದು ಬರಿ ಹಡಗಿನ ಬಾಡಿಗೆಯನ್ನು. ಬಾಗಿಲಿನಿಂದ ಬಾಗಿಲಿಗೆ ಎಂಬ ಕರಾರು ಬೇರೆ, ಅದರ ದರವೂ ಬೇರೆ. ಆ ಕರಾರಿನಲ್ಲಿ ಕೂಡ ಸುಂಕವು ಸೇರಿದೆಯೋ ಇಲ್ಲವೋ ಎಂಬುದನ್ನು ಪ್ರತ್ಯೇಕವಾಗಿ ಕೇಳಬೇಕು; ಹಳೆಯ ಹುಂಡಾದಲ್ಲಿ ಕೇಳದೆಯೇ ಸೇರಿರುತ್ತಿತ್ತು. ಮಾರಾಟದ ಸರಕಿನಲ್ಲಿ ಇಂಥ ಗೊಂದಲವಾಗಬಾರದೆಂದು ಪ್ಯಾರಿಸಿನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಲವು 1936ರಲ್ಲಿಯೇ ‘ಇನ್‌ಕೋಟರ್ಮ್ಸ್’ ಎಂಬ ನಿಶ್ಚಿತ ಶಬ್ದಗಳ ಪಟ್ಟಿಯನ್ನು ಹೊರಡಿಸಿತು. ಅದರ ಎಫ್.ಓ.ಬಿ. ಎಂಬ ಕರಾರಿನಲ್ಲಿ, ಸರಕು ಹಡಗಿನ ಕಟಕಟೆಯನ್ನು ದಾಟಿದ ಕ್ಷಣಕ್ಕೆ ನಷ್ಟದ ಹೊಣೆ ಮಾರುವವನಿಂದ ಕೊಳ್ಳುವವನಿಗೆ ದಾಟುತ್ತಿತ್ತು. ಎತ್ತುವ ಯಂತ್ರದಲ್ಲಿ ಜೋತಾಡುತ್ತಿರುವ ಮೂಟೆಯು ಕಟಕಟೆಯ ಈಚೆಗೆ ಬಿದ್ದಿತೋ ಆಚೆಗೆ ಬಿದ್ದಿತೋ ಎಂಬ ವಿವಾದ ಸಾಕೆನಿಸಿ, 2010ರ ಆವೃತ್ತಿಯಲ್ಲಿ ಆ ಕಟಕಟೆಯನ್ನು ಕೈಬಿಟ್ಟರು. ಮನೆ ಬದಲಿಸುವವರಿಗೆ ಇಂಥ ಒಪ್ಪಿತ ಪಟ್ಟಿಯ ಆಶ್ರಯವಿಲ್ಲ. ಪಟ್ಟಿಯಿರುವದು ಕೊಳ್ಳುವ ಮಾರುವವರಿಗೆ.

‘ಬಿಲ್ ಆಫ್ ಲೇಡಿಂಗ್’ ಎಂಬುದು ಕೇಳಲಿಕ್ಕೆ ಭಯಂಕರ. ಅರ್ಥ ಬಹು ಸರಳ. ‘ಲೇಡ್’ ಎಂಬ ಹಳೆಯ ಇಂಗ್ಲಿಷ್ ಕ್ರಿಯಾಪದಕ್ಕೆ ಹೇರು ಎಂದೇ ಅರ್ಥ. ಆದುದರಿಂದ ನಾವು ಇದನ್ನು ‘ಹೇರುಚೀಟಿ’ ಎನ್ನಲು ಇಚ್ಛಿಸುತ್ತೇವೆ. ವಿದ್ವಾಂಸರು ಒಪ್ಪಲಿ ಬಿಡಲಿ. ಇಷ್ಟು ಸಾಮಾನು ಹಡಗಿಗೆ ಬಂದಿದೆಯೆಂಬ ಪಾವತಿಯೂ ಅದೇ, ಸಾಗಿಸುವ ಕರಾರಿನ ಸಾಕ್ಷಿಯೂ ಅದೇ, ಸಾಮಾನಿನ ಒಡೆತನವನ್ನು ಕೈಯಿಂದ ಕೈಗೆ ಕೊಡುವ ಪತ್ರವೂ ಅದೇ. ಹೇರುಚೀಟಿಯನ್ನು ಕುರಿತ 1856ರ ಕಾಯಿದೆಯು ನಮ್ಮ ದೇಶದಲ್ಲಿ ಒಂದೂವರೆ ಶತಮಾನಕ್ಕೂ ಮೀರಿ ನಡೆದು, 2025ರಲ್ಲಿ ಅದರ ಸ್ಥಾನಕ್ಕೆ ಹೊಸ ಕಾಯಿದೆ ಬಂದಿತು. ಈ ಚೀಟಿಯಲ್ಲಿ ಸಾಮಾನನ್ನು ಪಡೆಯುವವನ ಹೆಸರಿನ ಸ್ಥಾನಕ್ಕೆ ‘ಕನ್‌ಸೈನೀ’ ಎನ್ನುವರು. ನಮ್ಮ ಮನೆಯವರು ಎಡವಿದ ಎರಡನೆಯ ಕಲ್ಲು ಇದು. ಶಾಲೆಯ ದಾಖಲೆಯಲ್ಲಿ ಕನ್ನಡದ ಹೆಸರು, ರೇಶನ್ ಕಾರ್ಡಿನಲ್ಲಿ ಮರಾಠಿಯ ಹೆಸರು, ಪಾಸ್‌ಪೋರ್ಟಿನಲ್ಲಿ ಇಂಗ್ಲಿಷಿನ ಹೆಸರು. ಒಬ್ಬ ಮನುಷ್ಯನು ಮೂರು ಲಿಪಿಗಳಲ್ಲಿ ಮೂವರಾಗುವದು ಗಡಿನಾಡಿನ ನಿತ್ಯದ ಅನುಭವ. ಹೇರುಚೀಟಿಯಲ್ಲಿ ಊರಿನ ಅಡ್ಡಹೆಸರು ಬಿದ್ದಿತ್ತು. ಪಾಸ್‌ಪೋರ್ಟು ತಂದೆಯ ಹೆಸರಿಗೆ ಮುಗಿದಿತ್ತು. ಅದನ್ನು ತಿದ್ದಿಸುವದರಲ್ಲಿಯೇ ಹನ್ನೆರಡು ದಿನ ಹೋದವು.

ಸಾಮಾನಿನ ಗಾತ್ರದ ಮಾತು ಇನ್ನೂ ಸ್ವಾರಸ್ಯವಾದುದು. ತೂಕವೆಂದು ನಾವು ಮಕ್ಕಳಿಗೆ ಕಲಿಸುವ ‘ಟನ್ನು’ ಮೊದಲಿಗೆ ಒಂದು ದೊಡ್ಡ ಪೀಪಾಯಿ. 252 ಗ್ಯಾಲನ್ ದ್ರಾಕ್ಷಾರಸ ಹಿಡಿಯುವಂಥದು. ಇಂಥ ಪೀಪಾಯಿಗಳೆಷ್ಟು ಹಿಡಿದಾವೆಂಬುದರಿಂದ ಹಡಗಿನ ದೊಡ್ಡಸ್ತಿಕೆಯನ್ನು ಅಳೆಯುತ್ತಿದ್ದರು. ನಮ್ಮ ಪೀಪಾಯಿ ಎಂಬ ಶಬ್ದವೂ ಪೋರ್ತುಗೀಜರ ‘ಪೀಪ’ದಿಂದ ಬಂದುದೇ. ಪೀಪಾಯಿಗಳ ಕಾಲ ಹೋಗಿ ಕಬ್ಬಿಣದ ಪೆಟ್ಟಿಗೆಯ ಕಾಲ ಬಂದುದು 1956ರಲ್ಲಿ. ಅಮೇರಿಕೆಯ ಲಾರಿ ವ್ಯವಹಾರಸ್ಥ ಮಾಲ್ಕಂ ಮೆಕ್ಲೀನನು ಎಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಎಂಬ ಹಡಗಿನಲ್ಲಿ 58 ಪೆಟ್ಟಿಗೆಗಳನ್ನು ನ್ಯೂಅರ್ಕಿನಿಂದ ಹ್ಯೂಸ್ಟನ್ನಿಗೆ ಕಳುಹಿಸಿದನು. ಮೂಟೆಯನ್ನು ಬಿಚ್ಚಿ ಕಟ್ಟದೆ, ಲಾರಿಯ ಪೆಟ್ಟಿಗೆಯನ್ನೇ ಹಡಗಿಗೆ ಎತ್ತಿಡುವ ಉಪಾಯವದು. ಅದೇ ವರ್ಷದ ನವೆಂಬರದಲ್ಲಿ ಇಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಯಿತು. ಜತ್ತವು 1948ರ ತನಕ ಸಂಸ್ಥಾನ, ಅನಂತರ ಮುಂಬಯಿ ಪ್ರಾಂತ, 1956ರಲ್ಲಿ ವಿಸ್ತಾರವಾದ ಮುಂಬಯಿ ರಾಜ್ಯ, 1960ರಲ್ಲಿ ಮಹಾರಾಷ್ಟ್ರ. ನಮ್ಮ ಹಿರಿಯರ ಮನೆ ಒಂದು ಅಂಗುಲವೂ ಕದಲದೆ ನಾಲ್ಕು ವಿಳಾಸಗಳನ್ನು ಕಂಡಿತು. ಸಾಗಾಣಿಕೆಯ ಖರ್ಚಿಲ್ಲದೆ ಆದ ಸ್ಥಳಾಂತರವೆಂದು ಬೇಕಾದರೆ ಹೇಳಬಹುದು.

ಈಗಿನ ಪೆಟ್ಟಿಗೆಗಳ ಉದ್ದ ಮುಖ್ಯವಾಗಿ 20 ಅಡಿ ಅಥವಾ 40 ಅಡಿ. ಇಪ್ಪತ್ತರದು ಸುಮಾರು 33 ಘನಮೀಟರು ಹಿಡಿಯುವದು. ಇಡಿಯ ಪೆಟ್ಟಿಗೆ ಒಬ್ಬನದೇ ಆದರೆ ಅದು ‘ಎಫ್.ಸಿ.ಎಲ್.’, ಹಲವರ ಸಾಮಾನು ಕೂಡಿ ತುಂಬಿದರೆ ‘ಎಲ್.ಸಿ.ಎಲ್.’. ನಮ್ಮಲ್ಲಿ ಇಬ್ಬರು ಮೂವರು ಕೂಡಿ ಗಾಡಿ ಗೊತ್ತುಮಾಡಿ ಸಂತೆಗೆ ಹೋದಂತೆಯೇ. ಕೂಡುಗಾಡಿಯ ಸುಖದುಃಖಗಳು ಇಲ್ಲಿಯೂ ಇವೆ: ಬಾಡಿಗೆ ಕಡಿಮೆ, ಆದರೆ ಉಳಿದವರ ಸಾಮಾನು ಬರುವ ತನಕ ಹೊರಡುವಂತಿಲ್ಲ. ಇಳಿದ ಮೇಲೆಯೂ ಪೆಟ್ಟಿಗೆಯನ್ನು ಬೇರೊಂದು ನಿಲ್ದಾಣಕ್ಕೆ ಒಯ್ದು ಬಿಚ್ಚಿ, ಪಾಲು ಬೇರ್ಪಡಿಸಿ, ಗೋದಾಮಿನಲ್ಲಿಡುವರು. ಅಲ್ಲಿ ಮೊದಲ ಕೆಲವು ದಿನ ಬಿಟ್ಟಿ. ಬಳಿಕ ದಿನದಿನಕ್ಕೆ ಬಾಡಿಗೆ ಏರುವದು. ಇದೇ ಆ ಪತ್ರದ ‘ಸ್ಟೋರೇಜ್’. ಇಡಿಯ ಪೆಟ್ಟಿಗೆಯು ಬಂದರದೊಳಗೆ ತಡೆದು ನಿಂತರೆ ಅದರ ದಂಡ ‘ಡೆಮರೇಜ್’. ಫ್ರೆಂಚ್ ಭಾಷೆಯ ತಂಗು, ತಡಮಾಡು ಎಂಬ ಕ್ರಿಯಾಪದದಿಂದ ಬಂದ ಮಾತು. ಪೆಟ್ಟಿಗೆಯನ್ನು ಹೊರಗೆ ಒಯ್ದು ಖಾಲಿಮಾಡಿ ಹಿಂದಿರುಗಿಸಲು ತಡವಾದರೆ ‘ಡಿಟೆನ್ಶನ್’. ಮೂವರೂ ಒಂದೇ ತಾಯಿಯ ಮಕ್ಕಳು. ತಾಯಿಯ ಹೆಸರು ವಿಳಂಬ. ಅಂದಹಾಗೆ ‘ಗೋಡೌನ್’ ಎಂಬ ಇಂಗ್ಲಿಷ್ ಶಬ್ದವು ಮಲಾಯ ಭಾಷೆಯಿಂದ ಬಂದುದು. ಮಲಾಯಕ್ಕೆ ಅದು ತೆಲುಗು ತಮಿಳುಗಳ ಕಡೆಯಿಂದ ಹೋಗಿರಬೇಕೆಂದು ಊಹಿಸಿದವರಿದ್ದಾರೆ. ದ್ರಾವಿಡ ಶಬ್ದವೊಂದು ಹಡಗೇರಿ ಹೋಗಿ, ಇಂಗ್ಲಿಷಿನ ವೇಷ ತೊಟ್ಟು ಮರಳಿ ಬಂದು ನಮ್ಮಿಂದಲೇ ಬಾಡಿಗೆ ಕೇಳುತ್ತಿದೆಯೋ ಏನೋ.

ಎಲ್ಲಕ್ಕಿಂತ ಪುರಾತನವಾದುದು ‘ಜನರಲ್ ಆವರೇಜ್’. ಗಣಿತದ ಸರಾಸರಿಯೆಂದು ಇದನ್ನು ತಿಳಿಯಬಾರದು. ಬಿರುಗಾಳಿಯಲ್ಲಿ ಹಡಗನ್ನು ಉಳಿಸಲು ಒಬ್ಬನ ಸರಕನ್ನು ನೀರಿಗೆಸೆದರೆ, ಆ ನಷ್ಟವನ್ನು ಉಳಿದವರೆಲ್ಲರೂ ತಮ್ಮ ತಮ್ಮ ಸರಕಿನ ಬೆಲೆಗನುಸಾರ ಹಂಚಿಕೊಳ್ಳಬೇಕೆಂಬ ನ್ಯಾಯವಿದು. ರೋಡ್ಸ್ ದ್ವೀಪದವರದೆಂದು ಹೇಳುವ ಈ ನಿಯಮವನ್ನು ರೋಮನ್ ಚಕ್ರವರ್ತಿ ಜಸ್ಟೀನಿಯನ್ನನ ಧರ್ಮಸಂಗ್ರಹವು ಎತ್ತಿಕೊಂಡಿದೆ. ಶಬ್ದದ ಬೇರು ಅರಬ್ಬಿಯ ‘ಅವಾರ್’, ಎಂದರೆ ಕೇಡು, ಊನ. ಕೇಡನ್ನು ಹಂಚುವದರಿಂದ ಸರಾಸರಿಯ ಅರ್ಥ ಬಂದುದು ಆಮೇಲೆ. ಇದು ಸತ್ತ ನ್ಯಾಯವೂ ಅಲ್ಲ. 2021ರ ಮಾರ್ಚದಲ್ಲಿ ‘ಎವರ್ ಗಿವನ್’ ಎಂಬ ಮಹಾನೌಕೆ ಸುಯೇಜ್ ಕಾಲುವೆಯಲ್ಲಿ ಆರು ದಿನ ಅಡ್ಡಬಿದ್ದಾಗ ಹಡಗಿನೊಡೆಯರು ಇದನ್ನೇ ಸಾರಿದರು. ಅದರ ಮೇಲಿದ್ದ ಸುಮಾರು 18,000 ಪೆಟ್ಟಿಗೆಗಳ ಸರಕಿನವರಿಗೆ, ಪಾಲು ಕೊಡುವೆವೆಂಬ ಜಾಮೀನು ಕೊಡದೆ ಸರಕು ಕೈಗೆ ಬರುವಂತಿರಲಿಲ್ಲ. ಅಂಥ ಹೊತ್ತಿನಲ್ಲಿ ವಿಮೆಯಿದ್ದವನ ಪಾಲನ್ನು ವಿಮೆಯವರು ಹೊರುವರು, ಇಲ್ಲದವನು ತಾನೇ ಹೊರಬೇಕು.

ವಿಮೆಯಲ್ಲಿಯೂ ಒಂದು ಕುಣಿಕೆಯಿದೆ. ಕಟ್ಟುಗಳನ್ನು ಸಂಸ್ಥೆಯವರೇ ಕಟ್ಟಿದರೆ ಒಡೆದುದಕ್ಕೆ ಪರಿಹಾರ. ‘ಪ್ಯಾಕ್ಡ್ ಬೈ ಓನರ್’ ಎಂದು ಬರೆದ, ಮನೆಯವರು ತಾವೇ ಕಟ್ಟಿದ ಪೆಟ್ಟಿಗೆಗಳಲ್ಲಿ ಒಡೆದುದಕ್ಕೆ ಸಾಮಾನ್ಯವಾಗಿ ಪರಿಹಾರವಿಲ್ಲ. ನಮ್ಮ ಹೆಣ್ಣುಮಕ್ಕಳು ಬೇರೆಯವರ ಕೈಗೆ ಪಾತ್ರೆಗಳನ್ನು ಕೊಡುವವರಲ್ಲ; ತಾವೇ ಸೀರೆ ಸುತ್ತಿ ಜೋಪಾನವಾಗಿ ಇಡುವರು. ಕಾಯಿದೆಗೆ ಆ ಜೋಪಾನ ತಿಳಿಯುವದಿಲ್ಲ.

ಪ್ರಯಾಣಿಕನೊಡನೆ ಬಾರದೆ ಹಿಂದೆ ಮುಂದೆ ಬರುವ ಮನೆಸಾಮಾನಿಗೆ ನಮ್ಮ ಕಸ್ಟಮ್ಸಿನವರು ‘ಅನಕಂಪನೀಡ್ ಬ್ಯಾಗೇಜ್’ ಎನ್ನುವರು. ಒಡೆಯನಿಲ್ಲದೆ ಬಂದ ಗಂಟು ಎಂದು ತಿಳಿಯಬಹುದು. 1962ರ ಕಸ್ಟಮ್ಸ್ ಕಾಯಿದೆಯಲ್ಲಿ ಗಂಟುಮೂಟೆಗೆ ವಿಶೇಷ ವಿಧಿಗಳಿವೆ. ಹೊರದೇಶದಲ್ಲಿ ನೆಲೆಸಿ ಮರಳುವವರು ಬಳಸಿದ ಸಾಮಾನಿಗೆ ನಿಯಮಗಳ ಮಿತಿಯೊಳಗೆ ಸುಂಕದ ವಿನಾಯಿತಿಯುಂಟು. ಅದನ್ನು ಪಡೆಯಲು ಬೇಕಾದುದು ಪಾಸ್‌ಪೋರ್ಟು, ಮತ್ತು ಬೆನ್ ಯಿಜು ಬರೆದಂಥ ಒಂದು ಯಾದಿ.

ಯಾದಿಯೇ ಇಲ್ಲದ ಸ್ಥಳಾಂತರವನ್ನು ನಾವು ಪ್ರತಿ ವರ್ಷ ನೋಡುತ್ತೇವೆ. ಗುಳೆ ಎಂಬ ನಮ್ಮ ಶಬ್ದಕ್ಕೆ ಹೊರಗಿನ ಕೋಶಗಳಲ್ಲಿ ಸಮಾನ ಶಬ್ದ ಸಿಕ್ಕುವದು ಕಷ್ಟ. ದೀಪಾವಳಿಯ ಆಸುಪಾಸಿಗೆ ನಮ್ಮ ತಾಲೂಕಿನ ಎಷ್ಟೋ ಕುಟುಂಬಗಳು ಮುಕಾದಮನಿಂದ ಉಚಲ್ ಪಡೆದು ಕಬ್ಬು ಕಡಿಯಲು ಹೋಗುವವು. ಗಾಡಿಯ ಮೇಲೆ ಹಿಟ್ಟಿನ ಡಬ್ಬಿ, ಕೌದಿ, ಕೊಡ, ಕೋಳಿ, ಅವುಗಳ ನಡುವೆ ನಮ್ಮ ಹಾಜರಿಪುಸ್ತಕದ ಮಕ್ಕಳು. ಆ ಸಂಸಾರಕ್ಕೆ ಹೇರುಚೀಟಿಯಿಲ್ಲ, ವಿಮೆಯಿಲ್ಲ. ಎಲ್ಲ ನಷ್ಟವೂ ಒಂದೇ ಕಡೆಗೆ ಬೀಳುವದರಿಂದ, ಯಾರದೆಂದು ಹೇಳುವ ಶಬ್ದ ಅಲ್ಲಿ ಬೇಕಾಗಿಯೇ ಇಲ್ಲ.

ಆ ತಾಯಿಯ ಮನೆಯವರು ಕೇಳಿದ ಹಣವನ್ನು ಒಡವೆ ಅಡವಿಟ್ಟು ತುಂಬಿದರು. ಸಾಮಾನು ಲಾರಿಯಲ್ಲಿ ಊರಿಗೆ ಬಂದ ದಿನ ನಮ್ಮನ್ನೂ ಕರೆದಿದ್ದರು. ಹನ್ನೊಂದು ಪೆಟ್ಟಿಗೆ, ಮೂರರಲ್ಲಿ ಗಾಜು ಪಿಂಗಾಣಿ ಒಡೆದಿದ್ದವು, ಮೂರೂ ಮನೆಯಲ್ಲಿ ಕಟ್ಟಿದವು. ನಾಲ್ಕನೆಯ ತರಗತಿಯಲ್ಲಿದ್ದ ಮೊಮ್ಮಗಳು ಒಂದು ನೋಟಬುಕ್ಕು ಹಿಡಿದು ನಿಂತು, ಒಳಗಿನಿಂದ ತೆಗೆದುದನ್ನೆಲ್ಲ ಒಂದೊಂದಾಗಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಳು. ಒಡೆದುದರ ಮುಂದೆ ಏನು ಬರೆಯಬೇಕೆಂದು ನಮ್ಮನ್ನು ಕೇಳಿದಳು. ಒಡೆದಿದೆ ಎಂದೇ ಬರೆ ಎಂದೆವು.